ಬೂದಿಯಲ್ಲಿಟ್ಟ ಹಲ್ಲು

ಧಾರವಾಡ

ವಿಲಾಯತಿಗೆ ಹೋಗಿ ಬಂದವನು ಏನಾದರೂ ಬರೆಯಲೇಬೇಕೆಂದು ನಮ್ಮ ಧಾರವಾಡದಲ್ಲಿ ಒಂದು ಕಾಯದೆ ಇದ್ದಂತಿದೆ. ನಾನು ಬಂದು ಎಂಟು ದಿನವಾಗಿರಲಿಲ್ಲ, ಸಾಲೆಯ ಹೆಡ್‌ಮಾಸ್ತರರಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರೂ ಕೇಳಿಬಿಟ್ಟರು. ನೆಲದೊಳಗೆ ಓಡುವ ರೈಲಿನಲ್ಲಿ ಉಸಿರು ಕಟ್ಟುವುದಿಲ್ಲವೆ? ಅರಸನನ್ನು ನೋಡಿದಿರಾ? ರೊಟ್ಟಿ ಸಿಗುತ್ತಿತ್ತೆ? ಇವೆಲ್ಲವನ್ನೂ ನನಗಿಂತ ಮೊದಲು ಹೋದವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಮಾಸ್ತರಿಕೆಯ ತರಬೇತಿಗೆಂದು ಒಂದು ವರ್ಷದ ಮಟ್ಟಿಗೆ ಹೋಗಿದ್ದವನು. ಹೋಗುವಾಗ ಎಲುಬಿನ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಹೋಗಿದ್ದೆ. ನನ್ನ ಪ್ರವಾಸವೆಂದರೆ ಆ ಪೆಟ್ಟಿಗೆಯ ಪ್ರವಾಸ. ಬೇರೆ ಹೇಳುವುದು ನನ್ನಲ್ಲಿ ಹೆಚ್ಚೇನೂ ಇಲ್ಲ.

ಎಲುಬುಗಳನ್ನು ಹುಡುಕಿದವನು ನನ್ನ ಅಣ್ಣ ವಾಸುದೇವ. ಸರ್ವೇ ಕಚೇರಿಯಲ್ಲಿ ನಕಾಶೆ ಬರೆಯುವುದು ಅವನ ಕೆಲಸ. ವೈನಿಯ, ಅಂದರೆ ಅತ್ತಿಗೆಯ, ತವರು ಗೋಕಾಕದ ಹತ್ತಿರ ಘಟಪ್ರಭೆಯ ದಂಡೆಯ ಮೇಲಿದೆ. ಎಂಟು ವರ್ಷಗಳ ಹಿಂದೆ ಅಣ್ಣ ಮಾವನ ಮನೆಗೆ ಹೋಗಿದ್ದಾಗ ಹೊಳೆ ಬಂದು ಇಳಿದಿತ್ತು, ದಂಡೆಯ ಒಂದು ಮಗ್ಗುಲು ಕುಸಿದಿತ್ತು. ಕುಸಿದ ಮಣ್ಣಿನಲ್ಲಿ ಅವನಿಗೆ ದವಡೆಯ ಎಲುಬಿನ ಎರಡು ತುಂಡು, ಒಂದು ಹಲ್ಲು ಸಿಕ್ಕವು. ಹಲ್ಲೆಂದರೆ ನಿಮ್ಮ ನಮ್ಮ ಹಲ್ಲಲ್ಲ, ಮುಷ್ಟಿಯಷ್ಟು ದೊಡ್ಡದು, ಹಿಡಿದರೆ ತೂಕದ ಕಲ್ಲಿನಂತೆ ಭಾರ. ಊರವರು ಬಕಾಸುರನ ಹಲ್ಲೆಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿದರಂತೆ. ಅಣ್ಣ ಮಾತ್ರ ಎಲುಬನ್ನು ಒರೆಸಿ ನಾಲಿಗೆಗೆ ಹಚ್ಚಿ ನೋಡಿದ. ಬರೀ ಕಲ್ಲಾದರೆ ಜಾರುತ್ತದೆ, ಕಲ್ಲಾದ ಎಲುಬಾದರೆ ನಾಲಿಗೆಗೆ ಅಂಟುತ್ತದೆ ಎಂದು ಅವನು ಯಾವುದೋ ಪುಸ್ತಕದಲ್ಲಿ ಓದಿದ್ದ.

"ಛೀ, ಯಾರ ಎಲುಬೋ ಏನೋ! ಆ ಬಾಯಿಲೆ ಇವತ್ತು ನನ್ನ ಕೈಯಾಗಿನ ಊಟ ಮಾಡಬ್ಯಾಡ್ರಿ" ಎಂದಿದ್ದರು ವೈನಿ.

ಅಂದಿನಿಂದ ಮನೆಯಲ್ಲಿ ಒಂದು ಕರಾರಾಯಿತು. ಎಲುಬು ಹೊಸ್ತಿಲು ದಾಟಿ ಒಳಗೆ ಬರಕೂಡದು. ಅಣ್ಣ ಒಪ್ಪಿಕೊಂಡು ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ ತನ್ನ ಸಂಸಾರ ಹೂಡಿದ. ದವಡೆಯ ತುಂಡುಗಳಿಗೆ ಒಂದು ಮರದ ಪೆಟ್ಟಿಗೆ. ಹಲ್ಲಿಗೆ ಒಂದು ಮಣ್ಣಿನ ಕುಡಿಕೆ. ಬಚ್ಚಲ ಒಲೆಯ ಬೂದಿಯನ್ನು ಸೋಸಿ, ಕುಡಿಕೆಯಲ್ಲಿ ತುಂಬಿ, ಅದರೊಳಗೆ ಹಲ್ಲು ಹುಗಿದು, ಬಾಯಿಗೆ ಬಿಳಿ ಅರಿವೆ ಕಟ್ಟಿ, ಇಲಿ ಮುಟ್ಟದಂತೆ ತೊಲೆಗೆ ಇಳಿಬಿಟ್ಟ ಹಗ್ಗದ ನೆಲವಿನಲ್ಲಿ ಇಡುತ್ತಿದ್ದ. "ಹತ್ತಿಗಿಂತ ಬೂದಿ ಛಲೋ ಶಾಮ್ಯಾ. ಹುಳಾ ಹತ್ತೂದಿಲ್ಲ, ಮೂಲಿ ಸವಿಯೂದಿಲ್ಲ" ಎನ್ನುತ್ತಿದ್ದ. ರವಿವಾರಕ್ಕೊಮ್ಮೆ ಅದನ್ನು ತೆಗೆದು, ತೊಳೆದು, ಬಿಸಿಲಿಗಿಟ್ಟು, ಚಿತ್ರ ಬರೆಯುತ್ತಿದ್ದ. ಒಂದೇ ಹಲ್ಲಿನ ಚಿತ್ರ ಒಂದು ವಹಿ ತುಂಬ.

ಲಂಡನ್ನಿನ ಮ್ಯೂಜಿಯಮ್ಮಿಗೆ ಚಿತ್ರ ಕಳಿಸಿ ಕಾಗದ ಬರೆದ. ಐದು ತಿಂಗಳ ಮೇಲೆ ಒಂದು ಕಾರ್ಡು ಬಂತು. ಚಿತ್ರದ ಮೇಲಿಂದ ಹೇಳಲಾಗುವುದಿಲ್ಲ, ವಸ್ತುಗಳನ್ನೇ ತಂದರೆ ಸಂತೋಷದಿಂದ ನೋಡುತ್ತೇವೆ ಎಂದಿತ್ತು. ಆ ಕಾರ್ಡು ಅಣ್ಣನ ಅಂಗಿಯ ಕಿಸೆಯಲ್ಲೇ ಇದ್ದು ಇದ್ದು ನಾಲ್ಕು ತುಂಡಾಯಿತು. ಆದ್ದರಿಂದ ನನ್ನ ವಿಲಾಯತಿ ಪ್ರವಾಸ ಗಟ್ಟಿಯಾದಾಗ ನನಗಿಂತ ಅವನೇ ಹೆಚ್ಚು ಕುಣಿದ.

"ನೀ ನನ್ನ ಬದಲಿ ಹೊಂಟೀ ಅಂತ ತಿಳ್ಕೋ" ಎಂದ. "ನನಗೂ ಬರಬೇಕಂತ ಭಾಳ ಐತಿ. ಆದ್ರ ಆ ಥಂಡಿಗೆ ನಾ ಮೊದಲನೇ ದಿನಾನ ಮರಗಟ್ಟಿ ಹೋಗ್ತೇನಿ."

ಅದು ಖರೆ. ಧಾರವಾಡದ ಜಿಟಿಜಿಟಿ ಮಳೆಗೇ ಅವನು ಕಿವಿಗೆ ಮಫ್ಲರ್ ಸುತ್ತಿಕೊಂಡು ಒಲೆಯ ಮುಂದೆ ಕೂಡುತ್ತಿದ್ದ.

ಶ್ರಾವಣದಲ್ಲಿ ಅಣ್ಣನಿಗೆ ಜ್ವರ ಬಂತು. ವಿಷಮಜ್ವರ ಎಂದರು ಡಾಕ್ಟರರು. ಹತ್ತೊಂಬತ್ತನೆಯ ದಿನ ಹೋಗಿಬಿಟ್ಟ. ಕೊನೆಗೆ ಅವನಿಗೆ ನೆನಪಿದ್ದದ್ದು ಎರಡೇ ಮಾತು. "ಹಲ್ಲು ತೋರಿಸಿ ಬಾ. ನನ್ನ ಅಸ್ಥಿ ಘಟಪ್ರಭಾದಾಗ ಬಿಡ್ರಿ." ಎರಡಕ್ಕೂ ನಾನು ಹೂಂ ಎಂದೆ. ಅವನಿಗೆ ಮಕ್ಕಳಿರಲಿಲ್ಲವಾದ್ದರಿಂದ ಕೊಳ್ಳಿ ಇಟ್ಟವನೂ ನಾನೇ.

ಹೊಳೆ ತುಂಬಿ ದಾರಿ ಕಟ್ಟಿತ್ತು. ಅಸ್ಥಿ ಬಿಡಲು ನೀರು ಇಳಿಯುವ ತನಕ ಕಾಯಬೇಕು, ಹಡಗು ಮಾತ್ರ ಕಾಯುವುದಿಲ್ಲ. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಕಾಕಾ ಹೇಳಿದರು: "ನೀ ಹೋಗಪಾ. ಹೊಳಿ ಇಳೀತಂದ್ರ ನಾನೂ ನಿಮ್ಮ ವೈನೀನೂ ಹೋಗಿ ಬಿಟ್ಟು ಬರ್ತೇವಿ." ಅಸ್ಥಿಯನ್ನೂ ಮನೆಯೊಳಗೆ ತರುವ ಪದ್ಧತಿ ಇಲ್ಲ. ಮಣ್ಣಿನ ಕುಡಿಕೆಯಲ್ಲಿಟ್ಟು, ಅಣ್ಣನ ಧೋತರದ ತುಂಡಿನಿಂದ ಬಾಯಿ ಕಟ್ಟಿ, ಅದೇ ಕಟ್ಟಿಗೆ ಕೋಣೆಯಲ್ಲಿ ಕಿಟಕಿಯ ಕಡೆಯ ನೆಲವಿನಲ್ಲಿ ನನ್ನ ಕೈಯಾರೆ ಇಟ್ಟೆ. ಹಲ್ಲಿನ ಕುಡಿಕೆ ಬಾಗಿಲ ಕಡೆಗಿತ್ತು.

ಹೊರಡುವ ದಿನ ಟಾಂಗಾದವನು ಅಂಗಳದಲ್ಲಿ ನಿಂತು ಕೂಗುತ್ತಿದ್ದ. ಮಳೆ ಹೊಯ್ಯುತ್ತಿತ್ತು. ನಾನು ಓಡಿ ಹೋಗಿ ಬಾಗಿಲ ಕಡೆಯ ಕುಡಿಕೆ ಇಳಿಸಿದೆ. ಅನುಮಾನ ಬೇಡವೆಂದು ಅರಿವೆ ಸಡಿಲಿಸಿ ನೋಡಿದೆ, ಬೂದಿ ಕಂಡಿತು. ಸಮಾಧಾನವಾಯಿತು. ಮತ್ತೆ ಬಿಗಿದು ಕಟ್ಟಿ ದವಡೆಯ ಪೆಟ್ಟಿಗೆಯೊಳಗೆ ಹುಲ್ಲು ಹಾಸಿ ಇಟ್ಟುಕೊಂಡೆ. ವೈನಿ ಬಾಗಿಲ ಹಿಂದೆ ನಿಂತಿದ್ದರು, ಹೋಗಿ ಬನ್ನಿ ಎನ್ನುವುದಕ್ಕೂ ಅವರಿಗೆ ಬಾಯಿ ಬರಲಿಲ್ಲ.

ಹಡಗಿನಲ್ಲಿ

ಮುಂಬಯಿ ಬಿಟ್ಟ ಮೊದಲನೆಯ ತಾಸಿನಲ್ಲೇ ನನಗೆ ಸಮುದ್ರದ ಮೇಲಿದ್ದ ಗೌರವವೆಲ್ಲ ಹೊಟ್ಟೆಯಲ್ಲಿದ್ದುದರ ಜೊತೆಗೆ ಹೊರಗೆ ಬಂತು. ನಾಲ್ಕು ದಿನ ಮಲಗಿದ್ದಲ್ಲೇ ಮಲಗಿದೆ. ಸಮುದ್ರ ದಾಟಬಾರದೆಂದು ಹಿರಿಯರು ಹೇಳಿದ್ದು ಶಾಸ್ತ್ರಕ್ಕಾಗಿ ಅಲ್ಲ, ಮಳೆಗಾಲದಲ್ಲಿ ಒಮ್ಮೆ ದಾಟಿ ನೋಡಿಯೇ ಇರಬೇಕು.

ನನ್ನ ಕೋಣೆಯಲ್ಲಿ ಸೂರತ್ತಿನ ಒಬ್ಬ ಅರಿವೆ ವ್ಯಾಪಾರಿ ಇದ್ದರು. ದುಂಡು ಮನುಷ್ಯ, ಡಬ್ಬಿಗಟ್ಟಲೆ ತಿಂಡಿ, ಮಾತಿಗೂ ಬರವಿಲ್ಲ. ಪೆಟ್ಟಿಗೆಯಲ್ಲಿ ಏನಿದೆ ಎಂದು ಹಿಂದುಸ್ತಾನಿಯಲ್ಲಿ ಕೇಳಿದರು. ಸುಳ್ಳು ಹೇಳಲು ತ್ರಾಣವಿರಲಿಲ್ಲ, ಎಲುಬು ಎಂದೆ. ಪುಣ್ಯಾತ್ಮ ಹಾಸಿಗೆ ಸುತ್ತಿಕೊಂಡು ಆ ಕ್ಷಣವೇ ಡೆಕ್ಕಿಗೆ ಹೋದರು. ಎರಡು ದಿನ ಅಲ್ಲಿದ್ದು, ಮೂರನೆಯ ದಿನ ಮಳೆ ಹೊಡೆದಾಗ ತೊಯ್ಸಿಕೊಂಡು ವಾಪಸು ಬಂದರು. ಬಂದವರೇ ಒಂದು ಊದಿನಕಡ್ಡಿ ಹಚ್ಚಿ ಪೆಟ್ಟಿಗೆಗೆ ಬೆಳಗಿ ಕೈಮುಗಿದರು. ಇದು ಯಾವುದೋ ಹಳೆಯ ಪ್ರಾಣಿಯದು, ಮನುಷ್ಯರದಲ್ಲ ಎಂದು ನಾನು ನಕ್ಕೆ.

"ಯಾರದೇ ಇರಲಿ ಭಾಯಿ, ಕೈಮುಗಿದರೆ ನಮ್ಮದೇನು ಹೋಗುತ್ತದೆ?" ಎಂದರು. ಮಾರ್ಸೇಲ್ಸ್ ಮುಟ್ಟುವ ತನಕ ದಿನಾ ಬೆಳಿಗ್ಗೆ ಅವರ ಪೂಜೆ ತಪ್ಪಲಿಲ್ಲ. ನಾನು ದಿನಾ ನಗುತ್ತಿದ್ದೆ. ಆ ನಗು ಈಗ ನೆನೆಸಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಾರ್ಸೇಲ್ಸ್

ಇಲ್ಲಿ ಹಡಗು ಇಳಿದು ರೈಲು ಹತ್ತಬೇಕು. ನಡುವೆ ಸುಂಕದವರ ಕಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂಬ ಮಾತು ಫ್ರಾನ್ಸಿಗೂ ಸಲ್ಲುತ್ತದೆ. ಮೀಸೆಗೆ ಮೇಣ ತಿಕ್ಕಿದ್ದ ಒಬ್ಬ ಅಧಿಕಾರಿ ಪೆಟ್ಟಿಗೆ ತೆಗೆಸಿದ. ದವಡೆಯ ತುಂಡುಗಳನ್ನು ಕಲ್ಲೆಂದು ಬದಿಗಿಟ್ಟ. ಕುಡಿಕೆಯ ಅರಿವೆ ಬಿಚ್ಚಿ, ಒಂದು ಬೆರಳು ಬೂದಿಗೆ ಅದ್ದಿ, ಮೂಸಿ, ನನ್ನ ಮುಖ ನೋಡಿದ.

ಅವನಿಗೆ ಇಂಗ್ಲಿಷು ಬಾರದು, ನನಗೆ ಫ್ರೆಂಚು ಬಾರದು. ಒಳಗೆ ಹಲ್ಲಿದೆ ಎನ್ನಲು ನಾನು ನನ್ನ ಹಲ್ಲು ತೋರಿಸಿದೆ. ಅವನು ತಾನೂ ಹಲ್ಲು ಕಿರಿದು, ಬೆರಳಿನಿಂದ ತಿಕ್ಕಿದಂತೆ ಮಾಡಿ, ಪಕ್ಕದವನಿಗೆ ತೋರಿಸಿ ಹೊಟ್ಟೆ ಹಿಡಿದು ನಕ್ಕ. ಹಿಂದುಸ್ತಾನದವರು ಹಲ್ಲು ತಿಕ್ಕಲು ಬೂದಿಯನ್ನು ಕೂಡ ಮನೆಯಿಂದ ಹೊತ್ತು ತರುತ್ತಾರೆ ಎಂದುಕೊಂಡಿರಬೇಕು. ಬಚಾವಾದೆನೆಂದು ನಾನೂ ನಕ್ಕೆ. ಅವನು ಬೆರಳಿಗೆ ಹತ್ತಿದ ಬೂದಿಯನ್ನು ಕೋಟಿಗೆ ಒರೆಸಿಕೊಂಡು ಮುಂದಿನವರ ಪೆಟ್ಟಿಗೆಗೆ ಹೋದ.

ಲಂಡನ್, ಬಾಡಿಗೆಯ ಕೋಣೆ

ನನ್ನ ಮನೆಯೊಡತಿ ಅರವತ್ತರ ಹೆಂಗಸು, ವಿಧವೆ. ದಿನಕ್ಕೆ ಹತ್ತು ಸಲ ಹವೆಯ ವಿಷಯ ಮಾತಾಡುತ್ತಿದ್ದಳು. ಇಲ್ಲಿನ ಜನಕ್ಕೆ ಹವೆ ಎಂದರೆ ನಮಗೆ ಊಟವಾಯಿತೆ ಎಂದಂತೆ, ಮಾತಿನ ಬಾಗಿಲು. ಒಬ್ಬನೇ ಮಗ ಹಿಂದಿನ ಮಹಾಯುದ್ಧದಲ್ಲಿ ತೀರಿಕೊಂಡಿದ್ದ. ಅವನನ್ನು ಫ್ರಾನ್ಸಿನ ಯಾವ ಹೊಲದಲ್ಲಿ ಹುಗಿದಿದ್ದಾರೆಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ಅವನ ಫೋಟೋ ನನ್ನ ಕೋಣೆಯ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿತ್ತು. ಆ ಕೋಣೆ ಅವನದಾಗಿತ್ತಂತೆ.

ಮೊದಲನೆಯ ದಿನ ಸಂಜೆ ಬಂದು ನೋಡಿದರೆ ಕುಡಿಕೆಯೂ ಆ ಹಲಗೆಯ ಮೇಲೆ, ಫೋಟೋದ ಪಕ್ಕದಲ್ಲಿ ಕೂತಿತ್ತು. ನಾನು ಕೋಣೆಯ ಮೂಲೆಯಲ್ಲಿಟ್ಟಿದ್ದೆ, ಅವಳು ಎತ್ತಿಟ್ಟಿದ್ದಳು.

"ಪಾಪ, ಅಷ್ಟು ದೂರದಿಂದ ಬಂದದ್ದು, ಬೆಚ್ಚಗಿರಲಿ" ಎಂದಳು.

ಎಲುಬು ಹೊಸ್ತಿಲು ದಾಟಬಾರದೆಂಬ ನಮ್ಮ ವೈನಿಯ ಕಾಯದೆ ನೆನಪಾಗಿ ನಗು ಬಂತು. ಇರಲಿ ಬಿಡು, ಹಲ್ಲಿಗೂ ಚಳಿಯಾದೀತು ಎಂದು ಸುಮ್ಮನಾದೆ.

ಲಂಡನ್, ಮ್ಯೂಜಿಯಮ್

ಮ್ಯೂಜಿಯಮ್ಮಿನ ಎಲುಬಿನ ಪಂಡಿತರು ಪ್ರವಾಸ ಮುಗಿಸಿ ಲಂಡನ್ನಿಗೆ ಮರಳಿದ್ದು ಅಕ್ಟೋಬರಿನಲ್ಲಿ. ಅವರಿಂದ ಕಾಗದ ಬಂದ ದಿನ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಮ್ಯೂಜಿಯಮ್ಮಿನ ದೊಡ್ಡ ಬಾಗಿಲಲ್ಲಿ ಅಭ್ಯಾಸಬಲದಿಂದ ಬೂಟು ಬಿಚ್ಚಲು ಬಗ್ಗಿದೆ. ಹಾಗಿತ್ತು ಆ ಕಟ್ಟಡ. ಒಳಗೆ ದೇವರಿಲ್ಲವೆಂದು ನಂಬಲಿಕ್ಕಾಗುತ್ತಿರಲಿಲ್ಲ. ಕಾವಲುಗಾರ ಕೆಮ್ಮಿದ. ಒಳಗೆ ತೆಂಗಿನಮರದಷ್ಟು ಉದ್ದದ ಹಲ್ಲಿಯ ಎಲುಬುಗೂಡು ನಿಂತಿತ್ತು. ಅಂಥ ಪ್ರಾಣಿ ಭೂಮಿಯ ಮೇಲೆ ತಿರುಗಾಡಿ, ಮೊಟ್ಟೆಯಿಟ್ಟು, ಒಂದು ದಿನ ಒಂದೂ ಉಳಿಯದಂತೆ ಹೋಗಿಬಿಟ್ಟಿತಂತೆ. ಒಂದು ಗಾಜಿನ ಕಪಾಟಿನಲ್ಲಿ ಸಾಲುಸಾಲಾಗಿ ಸಾಲಿಗ್ರಾಮಗಳು, ಹೊಟ್ಟೆಯಲ್ಲಿ ಚಕ್ರವಿರುವ ನಮ್ಮ ದೇವರ ಮನೆಯ ಸಾಲಿಗ್ರಾಮಗಳೇ. ಸಮುದ್ರದ ಹುಳದ ಚಿಪ್ಪು ಕಲ್ಲಾದದ್ದು ಎಂದು ಕೆಳಗೆ ಬರೆದಿತ್ತು. ತುಳಸಿ ಇಲ್ಲ, ನೀರಿಲ್ಲ. ನನ್ನ ಕೈಗಳು ತಾವಾಗಿ ಕೂಡಿಕೊಂಡವು. ಕಾವಲುಗಾರ ಮತ್ತೊಮ್ಮೆ ಕೆಮ್ಮಿದ.

ಪಂಡಿತರು ತೆಳ್ಳಗಿನ ಮುದುಕರು. ಕೋಟಿನ ಮೊಳಕೈ ಹೊಲಿಸಿದ್ದು, ಮಧ್ಯಾಹ್ನದ ಬ್ರೆಡ್ಡು ಎಲುಬಿನ ತಟ್ಟೆಯಲ್ಲೇ. ದವಡೆಯ ತುಂಡನ್ನು ತೆಗೆದುಕೊಟ್ಟೊಡನೆ ಅವರು ಮಾಡಿದ ಮೊದಲನೆಯ ಕೆಲಸವೆಂದರೆ ನಾಲಿಗೆಗೆ ಹಚ್ಚಿ ನೋಡಿದ್ದು. ಆರು ಸಾವಿರ ಮೈಲು ದೂರದಲ್ಲಿ ಅಣ್ಣನ ಚಾಳಿಯವನು ಇನ್ನೊಬ್ಬನಿದ್ದಾನೆ! ಅಣ್ಣ ಇದ್ದು ನೋಡಬೇಕಾಗಿತ್ತು.

"ಘೇಂಡಾಮೃಗ" ಎಂದರು ಅವರು, ಭೂತಗನ್ನಡಿಯಿಂದ ಕಣ್ಣು ತೆಗೆಯದೆ. "ನಿಮ್ಮ ಆ ಹೊಳೆಯ ಸೀಮೆಯಿಂದ ಹಿಂದೆಯೂ ಒಂದು ಸಿಕ್ಕಿದೆ. ಆಗ ನಿಮ್ಮ ಕಡೆ ಆಳೆತ್ತರದ ಹುಲ್ಲಿತ್ತು, ಜವುಗಿತ್ತು. ಇದು ಕೆಸರಿನಲ್ಲಿ ಹೊರಳಾಡಿಕೊಂಡು ಇದ್ದ ಪ್ರಾಣಿ."

ಗೋಕಾಕದ ಸೀಮೆಯಲ್ಲಿ ಆಳೆತ್ತರದ ಹುಲ್ಲು! ಜೋಳದ ಕಣಿಕೆಗೆ ಎತ್ತುಗಳು ಜಗಳಾಡುವ ಊರದು. ನನಗೆ ಉಣಕಲ್ ಕೆರೆಯಲ್ಲಿ ಮೂಗು ಮಾತ್ರ ಹೊರಗಿಟ್ಟು ಬಿದ್ದುಕೊಳ್ಳುವ ಎಮ್ಮೆಗಳು ಕಣ್ಣ ಮುಂದೆ ಬಂದವು. ರವಿವಾರ ನಾವಿಬ್ಬರೂ ಅಲ್ಲಿಗೆ ನಡೆದು ಹೋದಾಗ ಅಣ್ಣ ಅವನ್ನು ತೋರಿಸಿ, "ಅದೂ ಹಿಂಗ ಇತ್ತು ಅಂತೇನಿ" ಎನ್ನುತ್ತಿದ್ದ. ಯಾರೂ ಹೇಳಿಕೊಡದೆ ಅವನು ಅಷ್ಟು ಸರಿಯಾಗಿ ಊಹಿಸಿದ್ದ.

ಪಂಡಿತರು ದವಡೆಯ ಒಂದು ಕಡೆ ಬೆರಳಿಟ್ಟು ತೋರಿಸಿದರು. ಎಲುಬು ಅಲ್ಲಿ ಗಂಟಿನಂತೆ ಬಾತಿತ್ತು. "ಇಲ್ಲಿ ಬೇರು ಕೊಳೆತು ಕೀವಾಗಿದೆ. ಪಾಪ, ಇದು ಸಾಯುವ ಮೊದಲು ಬಹಳ ದಿನ ಹಲ್ಲುನೋವು ಉಂಡಿದೆ." ಎಷ್ಟೋ ಸಾವಿರ ವರ್ಷಗಳ ಹಿಂದಿನ ಒಂದು ಮೂಕಪ್ರಾಣಿಯ ಹಲ್ಲುನೋವಿಗೆ ಆ ಮುದುಕರು ತುಟಿ ಕಚ್ಚಿದ್ದನ್ನು ನಾನು ಮರೆಯಲಾರೆ.

"ಹಿಂದೆ ಸಿಕ್ಕ ಜಾತಿಯೋ ಇದು, ಅಥವಾ ಯಾರೂ ಕಾಣದ ಬೇರೆ ಜಾತಿಯೋ, ಅದನ್ನು ಹಲ್ಲು ಹೇಳಬೇಕು" ಎಂದರು. "ಎತ್ತರದ ಹಲ್ಲಾದರೆ ಹುಲ್ಲು ಮೇದದ್ದು. ಗಿಡ್ಡ ಹಲ್ಲಾದರೆ ಎಲೆ ತಿಂದದ್ದು. ಬೇರೆ ಜಾತಿಯಾದರೆ ನಿಮ್ಮ ಅಣ್ಣನ ಹೆಸರನ್ನೇ ಅದಕ್ಕೆ ಇಡಬಹುದು. ಎಲ್ಲಿ, ಕೊಡಿ."

ನಾನು ಕುಡಿಕೆ ಮುಂದಿಟ್ಟೆ. ಅವರು ಮೇಜಿನ ಮೇಲೆ ಕರಿಯ ಅರಿವೆ ಹಾಸಿ ಬೂದಿಯನ್ನು ಮೆಲ್ಲಗೆ ಸುರುವಿದರು. ಮುಷ್ಟಿಯಷ್ಟು ದೊಡ್ಡ ಹಲ್ಲು ಬೀಳಲಿಲ್ಲ. ಬೆಳ್ಳಗಿನ ಸಣ್ಣ ಸಣ್ಣ ತುಂಡುಗಳು ಬಿದ್ದವು.

ಅವರು ಒಂದು ತುಂಡು ಎತ್ತಿ ಬಾಯಿಯ ಹತ್ತಿರ ಒಯ್ದರು. ತುಟಿಯ ತನಕ ಹೋದ ಕೈ ನಿಂತಿತು. ಕೆಳಗಿಟ್ಟರು. ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಎದ್ದು ನಿಂತು ಮೂಗಿನ ಮೇಲಿನ ಚಾಳೀಸು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇದು ನೆಲದಲ್ಲಿದ್ದದ್ದಲ್ಲ" ಎಂದರು. "ಬೆಂಕಿಯಲ್ಲಿ ಬೆಂದದ್ದು. ಹಳೆಯದೂ ಅಲ್ಲ. ಇದು ಮನುಷ್ಯನ ಪಾದದ ಎಲುಬು."

ನನಗೆ ಆ ಕ್ಷಣ ಎಲ್ಲ ತಿಳಿಯಿತು. ಆ ಮಳೆ, ಕಟ್ಟಿಗೆ ಕೋಣೆ, ಎರಡು ನೆಲವು, ಎರಡು ಕುಡಿಕೆ, ಎರಡರಲ್ಲೂ ಬೂದಿ. ಯಾವ ಕೈ ಅಣ್ಣನ ಚಿತೆಗೆ ಬೆಂಕಿ ಇಟ್ಟಿತ್ತೋ ಅದೇ ಕೈ ಅವನನ್ನು ಹುಲ್ಲಿನಲ್ಲಿ ಸುತ್ತಿ, ಹಡಗಿನಲ್ಲಿ ಉರುಳಾಡಿಸಿ, ಸುಂಕದವನ ಕೋಟಿಗೆ ಒರೆಸಿ ಇಲ್ಲಿಗೆ ತಂದಿತ್ತು.

"ಯಾರು?" ಎಂದು ಕೇಳಿದರು.

"ನನ್ನ ಅಣ್ಣ" ಎಂದೆ. "ಆ ದವಡೆ ಹುಡುಕಿದವನು."

ಅವರು ಎಲುಬಿನ ಸಂದಿಯ ಧೂಳು ತೆಗೆಯುವ ಮೆತ್ತನೆಯ ಕುಂಚ ತೆಗೆದುಕೊಂಡು, ಕರಿಯ ಅರಿವೆಯ ಮೇಲಿನ ಬೂದಿಯನ್ನು ಒಂದು ಕಣವೂ ಉಳಿಯದಂತೆ ಕುಡಿಕೆಗೆ ತುಂಬತೊಡಗಿದರು. ಅರ್ಧ ತಾಸು ಹಿಡಿಯಿತು. ತುಂಡುಗಳನ್ನು ಎರಡೂ ಕೈಯಿಂದ ಎತ್ತಿ ಇಟ್ಟರು. ಬಾಯಿ ಕಟ್ಟುವಾಗ ಮಾತ್ರ, "ಇದನ್ನು ನೀವು ಕಟ್ಟಬೇಕು" ಎಂದು ನನ್ನ ಕಡೆ ಸರಿಸಿದರು. ಹೇಗೋ ಒಂದು ವಕ್ರ ಗಂಟು ಹಾಕಿದೆ. ಪರಸ್ಥಳದಲ್ಲಿ, ಪರಕೀಯರ ಮುಂದೆ, ಸಣ್ಣ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತೆ.

ಹೊರಡುವ ಮೊದಲು ಅಣ್ಣನ ಚಿತ್ರದ ವಹಿ ತೋರಿಸಿದೆ. ಅವರು ಪ್ರತಿಯೊಂದು ಹಾಳೆಯನ್ನೂ ತಿರುವಿದರು. "ಬಹಳ ಪ್ರಾಮಾಣಿಕವಾದ ಕೈ" ಎಂದರು. "ಆದರೆ ಚಿತ್ರಕ್ಕೆ ಹೆಸರಿಡಲು ಬರುವುದಿಲ್ಲ. ಹಲ್ಲು ಜೋಪಾನವಾಗಿ ಇದೆಯಷ್ಟೆ?"

ಅದೇ ದಿನ ಸಂಜೆ

ಜೋಪಾನವಾಗಿದೆಯೆ? ಊರಿಗೆ ತುರ್ತು ತಾರು ಕೊಡಬೇಕೆಂದು ನಡುದಾರಿಯಲ್ಲಿ ಹೊಳೆಯಿತು. ಕುಡಿಕೆ ಅದಲುಬದಲು, ಬಿಡಬೇಡಿ ಎಂದು ಬರೆದರೆ ಸಾಕು. ಹಣ ತರಲೆಂದು ಕೋಣೆಗೆ ಓಡಿದೆ. ಮೇಜಿನ ಮೇಲೆ ಕಾಕಾನ ಕಾಗದ ಬಂದು ಕೂತಿತ್ತು.

"ಚಿ. ಶಾಮನಿಗೆ ಆಶೀರ್ವಾದ. ಹೊಳಿ ಇಳಿದಿದ್ದರಿಂದ ದಶಮಿ ದಿವಸ ಗೋಕಾಕಕ್ಕೆ ಹೋಗಿ ವಾಸೂನ ಅಸ್ಥಿ ಬಿಟ್ಟು ಬಂದೆವು. ಭಟ್ಟರು ಶಾಸ್ತ್ರ ಬಿಡದೆ ಮಾಡಿಸಿದರು. ನಿನ್ನ ವೈನಿ ಒಂದು ಹನಿ ಕಣ್ಣೀರು ತೆಗೆಯಲಿಲ್ಲ. ನೀರು ನೋಡುತ್ತ ಬಹಳ ಹೊತ್ತು ನಿಂತಳು. ನೀ ಚಿಂತಿ ಮಾಡಬೇಡ, ಅವನ ಜೀವಕ್ಕೆ ಶಾಂತಿ ಆತು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನಿಂದ ಎರಡು ತುತ್ತು ನೆಲಕ್ಕೆ ಬಿದ್ದಿದ್ದವು. ಘೇಂಡಾಮೃಗಕ್ಕೆ ಎಳ್ಳು, ದರ್ಭೆ, ಮಂತ್ರ ಸಿಕ್ಕವು. ಅಣ್ಣನಿಗೆ ಇಲ್ಲ. ಅವನ ಎಂಟು ವರ್ಷದ ಹಲ್ಲು ಬಂದ ಹೊಳೆಗೇ ಹೋಗಿ ಬಿತ್ತು, ಅವನ ಹೆಸರು ಯಾವ ಪುಸ್ತಕಕ್ಕೂ ಹತ್ತುವುದಿಲ್ಲ. ಇಷ್ಟಕ್ಕೂ ಕಾರಣ ನಾನು, ಓದಿದವನು, ಬೂದಿ ನೋಡಿ ಸಮಾಧಾನಪಟ್ಟವನು.

ಮನೆಯೊಡತಿಗೆ ಎಲ್ಲ ಹೇಳಿದೆ. ಹೆದರಿ ಕುಡಿಕೆ ಹೊರಗಿಡು ಎಂದಾಳು ಎಂದುಕೊಂಡಿದ್ದೆ. ಅವಳು ಮಗನ ಫೋಟೋ ಸ್ವಲ್ಪ ಸರಿಸಿ ಕುಡಿಕೆಗೆ ಜಾಗ ದೊಡ್ಡದು ಮಾಡಿದಳು. ಬೆಂಕಿಗೆ ಇನ್ನೆರಡು ಇದ್ದಲು ಹಾಕಿ ಕೆಳಗೆ ಇಳಿದು ಹೋದಳು. ಅಂದಿನಿಂದ ನಾನು ಎಷ್ಟು ಹೊತ್ತು ಮಾಡಿ ಬಂದರೂ ಕೋಣೆಯಲ್ಲಿ ಬೆಂಕಿ ಉರಿಯುತ್ತಿರುತ್ತಿತ್ತು.

ಥೇಮ್ಸ್

ಒಂದು ರವಿವಾರ ಕುಡಿಕೆಯನ್ನು ಶಾಲಿನಲ್ಲಿ ಸುತ್ತಿಕೊಂಡು ಹೊಳೆಯ ಸೇತುವೆಗೆ ಹೋದೆ. ನೀರೆಂದರೆ ನೀರೇ, ಎಲ್ಲ ನೀರು ಸಮುದ್ರಕ್ಕೇ ಹೋಗುವುದು ಎಂದು ಮನಸ್ಸಿಗೆ ಬುದ್ಧಿ ಹೇಳಿದೆ. ಕೆಳಗೆ ಎಣ್ಣೆ ತೇಲುವ ಕರಿ ನೀರು, ಮೇಲೆ ಮಂಜು. ನನ್ನ ಕಿವಿಯೇ ಮರಗಟ್ಟಿತ್ತು. ಈ ನೀರಿಗೆ ಅಣ್ಣನನ್ನು ಹಾಕಲಿಕ್ಕೆ ನನ್ನಿಂದಾಗಲಿಲ್ಲ. ಅವನು ಹೆಸರು ಹೇಳಿ ಕೇಳಿದ್ದು ಘಟಪ್ರಭೆಯನ್ನು. ತಿರುಗಿ ತಂದು ಹಲಗೆಯ ಮೇಲೆ ಇಟ್ಟೆ.

ವೈನಿಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ವೈನಿಗೆ ಓದಲು ಬಾರದು, ಕಾಕಾ ಓದಿ ಹೇಳಬೇಕು. ಗಂಡನ ಅಸ್ಥಿಯ ಸುದ್ದಿಯನ್ನು ಮೂರನೆಯವರ ಬಾಯಿಂದ ಹೇಳಿಸುವುದೆ? ಮ್ಯೂಜಿಯಮ್ಮಿನವರು ನೋಡಿದರು, ಉಳಿದದ್ದು ಬಂದ ಮೇಲೆ ಹೇಳುತ್ತೇನೆ ಎಂದಷ್ಟೇ ಬರೆದೆ.

ಹೊರಡುವ ವಾರ ಪಂಡಿತರಿಗೆ ದವಡೆಯನ್ನು ಕೊಟ್ಟು ಬಂದೆ. ಅದು ಈಗ ಲಂಡನ್ನಿನ ಒಂದು ಕಪಾಟಿನಲ್ಲಿದೆ. ಚೀಟಿಯ ಮೇಲೆ ಅವರು ನನ್ನ ಮುಂದೆಯೇ ಬರೆದರು: ಘೇಂಡಾಮೃಗ, ಜಾತಿ ಗೊತ್ತಿಲ್ಲ, ಹುಡುಕಿದವರು ವಾಸುದೇವ, ಧಾರವಾಡ.

ಮತ್ತೆ ಧಾರವಾಡ

ಸ್ಟೇಶನ್ನಿನಿಂದ ಟಾಂಗಾ ಮನೆಗೆ ಬಂದಾಗ ಬೆಳಗಿನ ಬಿಸಿಲು ಬಿದ್ದಿತ್ತು. ನಾನು ಮುಂಬಾಗಿಲಿಗೆ ಹೋಗದೆ ಹಿತ್ತಲಿನಿಂದ ಹೋಗಿ ಕುಡಿಕೆಯನ್ನು ಕಟ್ಟಿಗೆ ಕೋಣೆಯ ನೆಲವಿನಲ್ಲಿ ಇಟ್ಟೆ. ತಿರುಗಿದರೆ ವೈನಿ ಬಾಗಿಲಲ್ಲಿ ನಿಂತಿದ್ದರು. ಬಹಳ ಸೊರಗಿದ್ದರು. ಒಂದು ವರ್ಷ ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು.

"ವೈನಿ, ನನ್ನಿಂದ ದೊಡ್ಡ ತಪ್ಪಾಗೇತಿ. ನಾ ಒಯ್ದದ್ದು ಹಲ್ಲಿನ ಕುಡಿಕಿ ಅಲ್ರಿ..."

"ಗೊತ್ತೈತ್ರಿ" ಎಂದರು ವೈನಿ.

ನಾನು ತಿರುಗಿ ನೆಲವಿನಲ್ಲಿದ್ದ ಕುಡಿಕೆಯ ಕಡೆ ನೋಡಿದೆ.

"ಕಾಕಾ ಕುಡಿಕಿ ಬಗ್ಗಿಸಿದ್ರು. ಬೂದಿ ತೇಲಿ ಹೋತು, ಹಲ್ಲು ಗುಳುಕ್ ಅಂತ ಕೆಳಗ ಹೋತು. ಭಟ್ರು ಕಣ್ಣು ಮುಚ್ಚಿ ಮಂತ್ರ ಹೇಳಾಕತ್ತಿದ್ರು, ಕಾಕಾಗ ಕಣ್ಣು ಸರಿ ಕಾಣೂದಿಲ್ಲ. ಎಂಟು ವರ್ಷ ನೋಡಿದ ಹಲ್ಲು, ನನಗ ಗುರ್ತು ಸಿಗೂದಿಲ್ಲೇನ್ರಿ?" ವೈನಿ ಸೆರಗು ಸರಿಮಾಡಿಕೊಂಡರು. "ತಪ್ಪು ನಂದೂ ಐತ್ರಿ. ಆ ಮಳಿಯಾಗ ಕಿಟಕಿ ಕಡೆ ಸೋರಾಕತ್ತಿತ್ತು. ಇವರು ತೊಯ್ತಾರಂತ ಕುಡಿಕಿ ಅದಲ ಬದಲ ಮಾಡಿ ಇಟ್ಟೆ. ನಿಮಗ ಹೇಳೂದು ಮರ್ತೆ."

"ಮತ್ತ ಅವಾಗ ಯಾಕ ಹೇಳಿ ಬರೆಸಲಿಲ್ಲ ವೈನಿ?"

"ಯಾರ ಕೈಲೆ ಬರೆಸ್ಲಿ? ಕಾಕಾನ ಕೈಲೆ? ಹೇಳಿದ್ರ ಎಷ್ಟು ರಾದ್ಧಾಂತ!" ಎಂದರು. ಆಮೇಲೆ ದನಿ ಇಳಿಸಿ ಹೇಳಿದರು: "ಹೊಳ್ಯಾಗ ನಿಂತಾಗ ನನಗ ಏನನಸ್ತು ಗೊತ್ತೇನ್ರಿ? ವಿಲಾಯತಿ ನೋಡಬೇಕಂತ ಇವರಿಗೆ ಭಾಳ ಆಶಾ ಇತ್ತು. ದೇವರು ಹಿಂಗರ ಕಳಿಸ್ಯಾನ, ತಮ್ಮನ ಕೂಡ ಹೋಗಿ ಬರ್ಲಿ, ಬಂದ ಮ್ಯಾಲೆ ಹೊಳಿಗೆ ಬಿಟ್ರಾತು ಅಂತ ಸುಮ್ಮನಾದೆ."

ಅವರು ಒಳಗೆ ಬಂದು ನೆಲವಿನಿಂದ ಕುಡಿಕೆಯನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಪಂಡಿತರ ಮುಂದೆ ನಾನು ಕಟ್ಟಿದ ವಕ್ರ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು:

"ಅಲ್ಲೆ ಥಂಡಿ ಭಾಳಂತಲ್ರಿ?"

"ಒಲಿ ಮ್ಯಾಲಿನ ಹಲಗಿ ಮ್ಯಾಲೆ ಇಟ್ಟಿದ್ವಿ ವೈನಿ" ಎಂದೆ. "ದಿನಾ ಬೆಂಕಿ ಇರ್ತಿತ್ತು. ಅಣ್ಣ ಬೆಚ್ಚಗಿದ್ದ."

ಹೊಳೆಯ ದಂಡೆಯ ಮೇಲೆ ಒಂದು ಹನಿ ತೆಗೆಯದಿದ್ದ ವೈನಿ ಕುಡಿಕೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಟ್ಟಿಗೆಯ ರಾಶಿಯ ಮೇಲೆ ಕೂತು ಅತ್ತರು.